ಬಸ್ಸು ಹೊರಡದಿದ್ದರೂ ಟಿಕೆಟು ಹರಿಯಬೇಕು

ಉಡುಪಿ

ಪ್ರೀತಿಯ ಮಗಾ,

ನಿನ್ನ ಸ್ಕಿಟ್ ನಿನ್ನೆ ರಾತ್ರಿ ಎರಡು ಸಲ ಓದಿದೆ. ಮೊದಲು ನನ್ನಷ್ಟಕ್ಕೆ, ಆಮೇಲೆ ಗಟ್ಟಿಯಾಗಿ, ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಕೇಳುವ ಹಾಗೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇರುವ ಎಕ್ಸ್‌ಪ್ರೆಸ್ ಬಸ್ಸು. ಅದಕ್ಕೆ ಇಂಜಿನ್ನೇ ಇಲ್ಲ. ಆದರೂ ಕಂಡಕ್ಟರ್ ಟಿಕೆಟು ಹರಿಯುತ್ತಾನೆ, ಸೀಟಿ ಊದುತ್ತಾನೆ, "ಸುರತ್ಕಲ್ ಇಳಿಯುವವರು ಮುಂದೆ ಬನ್ನಿ" ಎಂದು ಕೂಗುತ್ತಾನೆ. ಜನ ಎದ್ದು ಇಳಿದು ಹೋಗುತ್ತಾರೆ. ಮೀನು ಮಾರುವ ಹೆಂಗಸು ಮೂಲ್ಕಿ ಬಂತೆಂದು ಬುಟ್ಟಿ ಇಳಿಸಿಕೊಳ್ಳುವಾಗ ಅಡುಗೆಮನೆಯಿಂದ ನಗು ಕೇಳಿಸಿತು. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಅದನ್ನು ಮುಟ್ಟಬೇಡ.

ಮುಟ್ಟಬೇಕಾದದ್ದು ಕೊನೆಯ ಪುಟ. ಅಲ್ಲಿ ಒಬ್ಬ ಡಾಕ್ಟರು ಬಂದು, ಇವರೆಲ್ಲ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ರೋಗಿಗಳು ಎನ್ನುತ್ತಾನೆ. ನಿನಗೆ ಕೊನೆಗೊಂದು ನಗಿಸುವ ಮಾತು, ಒಂದು ಪಂಚ್ ಬೇಕಿತ್ತು, ಗೊತ್ತಾಗುತ್ತದೆ. ಆದರೆ ಅದನ್ನು ಓದಿದ ಕೂಡಲೇ ನನಗೆ ಬೇಜಾರಾಯಿತು. ಅಷ್ಟು ಹೊತ್ತು ನಾನು ನಿಜವಾಗಿ ಆ ಬಸ್ಸಿನಲ್ಲಿ ಕೂತಿದ್ದೆ. ನೀನು ನನ್ನನ್ನು ಕೆಳಗಿಳಿಸಿಬಿಟ್ಟೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಾನು ಬರೆಯುವುದನ್ನು ಕಲಿತದ್ದು ಎರಡು ಕಡೆಯಿಂದ. ಒಂದು ನಮ್ಮ ಯಕ್ಷಗಾನ. ಇನ್ನೊಂದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡ. ಮಣಿಪಾಲದಲ್ಲಿ ದಿನವಿಡೀ ನೀನು ಪ್ರೋಗ್ರಾಂ ಬರೆಯುವ ಭಾಷೆಗೆ ಪೈಥಾನ್ ಎಂಬ ಹೆಸರು ಹಾವಿನಿಂದ ಬಂದದ್ದಲ್ಲ, ಇವರಿಂದ ಬಂದದ್ದು. ಆ ಭಾಷೆ ಮಾಡಿದ ಗೈಡೊ ವಾನ್ ರೋಸಮ್ ಇವರ ಅಭಿಮಾನಿ. ಬೇಡದ ಇಮೇಲಿಗೆ ಸ್ಪ್ಯಾಮ್ ಎನ್ನುತ್ತೇವಲ್ಲ, ಅದೂ 1970ರ ಇವರ ಒಂದು ಹೋಟೆಲಿನ ಸ್ಕಿಟ್‌ನಿಂದಲೇ. ಆ ಹೋಟೆಲಲ್ಲಿ ಹೆಚ್ಚುಕಡಿಮೆ ಏನು ಕೇಳಿದರೂ ಸ್ಪ್ಯಾಮ್ ಎಂಬ ಡಬ್ಬಿ ಮಾಂಸ ಸೇರಿಯೇ ಬರುತ್ತದೆ. ಬೇಡ ಎಂದರೂ ಬಿಡುವುದಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಬಹರೈನ್‌ನಿಂದ ರಜೆಗೆ ಬಂದ ಭಾವ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಬಾಡಿಗೆಗೆ ವಿಸಿಆರ್ ತಂದು, ಮನೆಯವರೆಲ್ಲ ಚಾಪೆ ಹಾಕಿ ಕೂತಿದ್ದೆವು. ಇಂಗ್ಲಿಷ್ ಬಹಳ ವೇಗ. ನನಗೇ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆಗ ಸತ್ತ ಗಿಳಿಯ ಸ್ಕಿಟ್ ಬಂತು. ಒಬ್ಬ ಗಿರಾಕಿ ಪಂಜರ ಹಿಡಿದುಕೊಂಡು ಅಂಗಡಿಗೆ ಬರುತ್ತಾನೆ. ಅರ್ಧ ಗಂಟೆಯ ಹಿಂದೆ ಕೊಂಡ ಗಿಳಿ ಸತ್ತಿದೆ ಎನ್ನುತ್ತಾನೆ. ಅಂಗಡಿಯವನು ಇಲ್ಲ, ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎನ್ನುತ್ತಾನೆ. ಗಿರಾಕಿ ಗಿಳಿಯನ್ನು ಹೊರಗೆ ತೆಗೆದು ಅದರ ಕಿವಿಯಲ್ಲಿ ಕೂಗುತ್ತಾನೆ, ಮೇಜಿಗೆ ಕುಟ್ಟುತ್ತಾನೆ. ಅಂಗಡಿಯವನು ಗರಿಯ ಬಣ್ಣ ಎಷ್ಟು ಚಂದ ನೋಡಿ ಎನ್ನುತ್ತಾನೆ. ಅದರ ಕಾಲನ್ನು ಕೋಲಿಗೆ ಮೊಳೆ ಹೊಡೆದು ಕೂರಿಸಿದ್ದೀರಿ ಎಂದು ಗಿರಾಕಿ ಹೇಳಿದರೆ, ಹೌದು ಮತ್ತೆ, ಹೊಡೆಯದಿದ್ದರೆ ಸರಳು ಬಗ್ಗಿಸಿ ಹಾರಿ ಹೋಗುತ್ತಿತ್ತು ಎಂಬ ಉತ್ತರ!

ನನ್ನ ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು ಕೇಳಿದರು, "ಗಿಳಿ ಸತ್ತಿದೆ ಅಲ್ವಾ? ಈ ಜನ ಒಪ್ಪುದಿಲ್ವಾ?" ಹೌದು ಎಂದೆ. ಅಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ, "ನಮ್ಮ ಮಿಕ್ಸಿಯವನ ಹಾಗೆಯೇ" ಎಂದರು. ಆ ವರ್ಷ ಪೇಟೆಯ ಒಂದು ಅಂಗಡಿಯಿಂದ ತಂದ ಹೊಸ ಮಿಕ್ಸಿ ಮೂರನೇ ದಿನಕ್ಕೆ ಸುಟ್ಟ ವಾಸನೆ ಬಂದು ನಿಂತಿತ್ತು. ವಾಪಸು ಹೊತ್ತುಕೊಂಡು ಹೋದರೆ ಅಂಗಡಿಯವರು, "ಹೊಸತು ಅಲ್ವಾ ಅಮ್ಮ, ಸ್ವಲ್ಪ ಓಡ್ಲಿ, ಸರಿ ಆಗ್ತದೆ" ಎಂದಿದ್ದರು. ಓಡುವುದೇ ಇಲ್ಲ ಎಂಬುದೇ ನಮ್ಮ ದೂರು.

ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು, ಆ ಸ್ಕಿಟ್ ಹುಟ್ಟಿದ್ದು ಸಹ ಹಾಗೆಯೇ. ತಂಡದ ಮೈಕೆಲ್ ಪೇಲಿನ್‌ಗೆ ಕಾರು ರಿಪೇರಿಯವನೊಬ್ಬ ಸಿಕ್ಕಿದ್ದ. ಕಾರಿನಲ್ಲಿ ಏನೇ ತೊಂದರೆ ಹೇಳಿದರೂ, ಏನೂ ಆಗಿಲ್ಲ ಎನ್ನುತ್ತಿದ್ದ. ತಂಡದವರೇ ಆದ ಜಾನ್ ಕ್ಲೀಸ್ ಮತ್ತು ಗ್ರಹಾಂ ಚಾಪ್‌ಮನ್ ಅದನ್ನು 1968ರಲ್ಲಿ ಕಾರಿನ ಸ್ಕಿಟ್ಟಾಗಿ ಬರೆದರು. ಮರುವರ್ಷ ಕಾರು ಹೋಗಿ ಗಿಳಿ ಬಂತು. ಮುಖ್ಯವಾಗಿ ಬದಲಾದದ್ದು ಅಷ್ಟೇ. ದೂರು ತಂದ ಗಿರಾಕಿ, ಏನೂ ಆಗಿಲ್ಲ ಎನ್ನುವ ಅಂಗಡಿಯವನು, ಇಬ್ಬರೂ ಬದಲಾಗಲಿಲ್ಲ. ನಿನ್ನ ಬಸ್ಸಿನಲ್ಲಿ ನೀನು ಗೊತ್ತಿಲ್ಲದೆ ಇದನ್ನೇ ಮಾಡಿದ್ದೀ. ಇಂಜಿನ್ ಒಂದನ್ನು ತೆಗೆದೆ. ಉಳಿದದ್ದೆಲ್ಲ ನಾವು ದಿನಾ ನೋಡುವ ಬಸ್ಸೇ. ಹಾಗಿದ್ದ ಮೇಲೆ ಅದರಲ್ಲಿ ಒಂದು ತಪ್ಪೂ ಇರಬಾರದು. ನೀನು ಪಡುಬಿದ್ರಿ ಆದ ಮೇಲೆ ಮೂಲ್ಕಿ ಬರೆದಿದ್ದೀ. ಉಡುಪಿಗೆ ಹೋಗುವ ಬಸ್ಸಿಗೆ ಮೂಲ್ಕಿ ಮೊದಲು, ಆಮೇಲೆ ಪಡುಬಿದ್ರಿ, ಕಾಪು, ಕಟಪಾಡಿ. ಇಲ್ಲಿ ಜನರಿಗೆ ಇದು ಬಾಯಿಪಾಠ. ನಿಂತ ಬಸ್ಸು ದಾರಿ ತಪ್ಪಿದರೆ ಅವರು ನಂಬುವುದಿಲ್ಲ.

ಇನ್ನು ಆ ಪಂಚ್‌ನ ವಿಷಯ. ಆ ಕಾಲದ ಹೆಚ್ಚಿನ ಟಿವಿ ಸ್ಕಿಟ್‌ಗಳು ಕೊನೆಯ ಒಂದು ಮಾತಿಗಾಗಿ ಓಡುತ್ತಿದ್ದವು. ಆ ಮಾತು ಸಪ್ಪೆಯಾದರೆ ಹಿಂದಿನ ಐದು ನಿಮಿಷವೂ ಸಪ್ಪೆ. ಪೈಥಾನ್ ಆರು ಜನ ಅದನ್ನು ಬಿಟ್ಟೇಬಿಟ್ಟರು. ವಿಷಯ ಮುಗಿದಲ್ಲಿಗೆ ಸ್ಕಿಟ್ ಮುಗಿಯುತ್ತಿತ್ತು. ಗಿಳಿಯ ಸ್ಕಿಟ್‌ನಲ್ಲಿ ಸೈನ್ಯದ ಕರ್ನಲ್ ಒಬ್ಬ ನಡುವೆ ಬಂದು, ಇದು ತುಂಬ ಹುಚ್ಚಾಟವಾಯಿತು, ಮುಂದೆ ನಡೆಯಿರಿ ಎನ್ನುತ್ತಾನೆ. ಬೇರೆ ಕಡೆ ಟೆರ್ರಿ ಗಿಲಿಯಮ್ ಹಳೇ ಫೋಟೊ, ಹಳೇ ಚಿತ್ರಗಳನ್ನು ಕತ್ತರಿಸಿ ಮಾಡಿದ ಅನಿಮೇಷನ್ ಬಂದು ಇನ್ನೊಂದು ಕಡೆಗೆ ಕರೆದುಕೊಂಡು ಹೋಗುತ್ತದೆ. ನಿನ್ನ ಡಾಕ್ಟರಿಗೂ ಆ ಕರ್ನಲ್‌ಗೂ ಏನು ವ್ಯತ್ಯಾಸ ಎಂದು ಕೇಳುತ್ತೀ ಅಲ್ವಾ? ಕರ್ನಲ್ ಏನನ್ನೂ ವಿವರಿಸುವುದಿಲ್ಲ. ಗಿಳಿ ಯಾಕೆ ಸತ್ತಿತು, ಅಂಗಡಿಯವನು ಯಾಕೆ ಹಾಗೆ, ಒಂದಕ್ಕೂ ಉತ್ತರ ಇಲ್ಲ. ನಿನ್ನ ಡಾಕ್ಟರು ಎಲ್ಲದಕ್ಕೂ ಕಾರಣ ಕೊಟ್ಟ. ಕಾರಣ ಸಿಕ್ಕಿದ ಮೇಲೆ ಆ ಕಂಡಕ್ಟರ್ ನಮ್ಮ ಕಂಡಕ್ಟರ್ ಆಗಿ ಉಳಿಯುವುದಿಲ್ಲ. ಮೇಲಾಗಿ ಕಾಯಿಲೆಯವರನ್ನು ನಗೆಗೆ ಕಾರಣ ಮಾಡುವುದು ನನಗೆ ಹಿಡಿಸುವುದಿಲ್ಲ.

ಯಕ್ಷಗಾನದ ಆಟದ ಹಾಸ್ಯಗಾರ ನೆನಪಿದೆಯಾ? ದೇವೇಂದ್ರನ ಒಡ್ಡೋಲಗ ಮುಗಿದಿರುತ್ತದೆ. ಹಾಸ್ಯಗಾರ ದೂತನಾಗಿ ಬಂದು ಹಾಡುವ ಭಾಗವತರ ಹತ್ತಿರ ಊರಿನ ಮಾತು ಶುರು ಮಾಡುತ್ತಾನೆ. ದೇವೇಂದ್ರ ನಗುವುದಿಲ್ಲ. ಅವನ ಕಿರೀಟ, ಗತ್ತು, ಅರ್ಥದ ಮಾತು ಎಲ್ಲ ಇದ್ದ ಹಾಗೇ ಇರುತ್ತದೆ. ಅವನೂ ಒಂದು ಸಲ ಕಿಸಕ್ಕೆಂದರೆ ಅಲ್ಲಿಗೆ ಹಾಸ್ಯಗಾರನ ಕತೆ ಮುಗಿಯಿತು. ಗಿರಾಕಿಯಾದ ಕ್ಲೀಸ್ ಆ ಗಿಳಿ ಅಂಗಡಿಯಲ್ಲಿ ನಿಲ್ಲುವುದು ಹಾಗೆಯೇ. ತಾನು ಹಾಸ್ಯ ಮಾಡುತ್ತಿದ್ದೇನೆ ಎಂಬುದು ಅವನ ಮುಖಕ್ಕೆ ಗೊತ್ತೇ ಇಲ್ಲ. ನಿನ್ನ ಕಂಡಕ್ಟರ್ ಪಾತ್ರ ಮಾಡುವ ಹುಡುಗನಿಗೆ ಇದನ್ನು ದಯವಿಟ್ಟು ಹೇಳು.

ಆರು ಜನ ಅಂದೆನಲ್ಲ, ನಿಮ್ಮ ತಂಡದಲ್ಲೂ ಆರೇ. ಅವರು ಬರೆಯುತ್ತಿದ್ದ ಕ್ರಮ ಹೇಳುತ್ತೇನೆ. ಕ್ಲೀಸ್ ಮತ್ತು ಚಾಪ್‌ಮನ್ ಒಂದು ಜೋಡಿ, ಪೇಲಿನ್ ಮತ್ತು ಟೆರ್ರಿ ಜೋನ್ಸ್ ಒಂದು ಜೋಡಿ. ಎರಿಕ್ ಐಡಲ್ ಒಬ್ಬನೇ. ಗಿಲಿಯಮ್‌ಗೆ ಅವನದೇ ಕತ್ತರಿ ಕೆಲಸ. ಆಮೇಲೆ ಎಲ್ಲರೂ ಸೇರಿ ಗಟ್ಟಿಯಾಗಿ ಓದುವುದು. ಉಳಿದವರು ನಕ್ಕರೆ ಅದು ಉಳಿಯಿತು. ನಗದಿದ್ದರೆ ಹೋಯಿತು. ಬರೆದವರೂ ಅವರೇ, ಆಡಿದವರೂ ಅವರೇ. ನೀನು ಬರೆದದ್ದನ್ನು ಫೋನಿನಲ್ಲಿ ಕಳಿಸಿ ಅಭಿಪ್ರಾಯ ಕೇಳಬೇಡ. ಎದುರು ಕೂರಿಸಿ ಓದು. ಎಲ್ಲಿ ಯಾರು ಕಾಲು ಅಲ್ಲಾಡಿಸಿದರು ಎಂದು ನೋಡು.

ಅವರದು ಎಲ್ಲವೂ ಚೆನ್ನಾಗಿದೆ ಎಂದು ಸುಮ್ನೆ ಹೇಳುವುದಿಲ್ಲ. 1969ರ ಅಕ್ಟೋಬರ್ 5ರಿಂದ 1974ರ ತನಕ ಟಿವಿಯಲ್ಲಿ ಒಟ್ಟು 45 ಕಂತು. ಕೊನೆಯ ಆರರಲ್ಲಿ ಕ್ಲೀಸ್ ನಟಿಸಲಿಲ್ಲ, ಅವು ಸೊರಗಿವೆ. ಹೆಂಗಸರ ಒಳ್ಳೆಯ ಪಾತ್ರಗಳನ್ನು ಜಾಸ್ತಿ ಗಂಡಸರೇ ವೇಷ ಹಾಕಿ ಮಾಡಿದರು. ಕ್ಯಾರಲ್ ಕ್ಲೀವ್‌ಲ್ಯಾಂಡ್ ಎಂಬ ನಟಿ ಜೊತೆಗಿದ್ದರೂ ಅವಳಿಗೆ ಹೆಚ್ಚಾಗಿ ಸಿಕ್ಕಿದ್ದು ಚಂದದ ಹುಡುಗಿಯ ಪಾತ್ರ. ಅಲ್ಲಿ ಅವರು ತಪ್ಪಿದರು. ನಿನ್ನ ಮೀನಿನ ಹೆಂಗಸಿಗೆ ಇರುವುದು ನಾಲ್ಕೇ ಮಾತು, ಆದರೆ ಇಡೀ ಬಸ್ಸಿನಲ್ಲಿ ಕಂಡಕ್ಟರ್‌ನ ಎದುರು ನಿಲ್ಲುವವಳು ಅವಳೊಬ್ಬಳೇ. ಅವಳನ್ನು ಬೆಳೆಸು.

2014ರ ಜುಲೈಯಲ್ಲಿ ಅವರು ಲಂಡನ್ನಿನಲ್ಲಿ ಕೊನೆಗೆ ಒಟ್ಟಾದರು. ಚಾಪ್‌ಮನ್ 1989ರಲ್ಲೇ ತೀರಿಹೋಗಿದ್ದ. ಉಳಿದ ಐವರಿಗೂ ಎಪ್ಪತ್ತು ದಾಟಿತ್ತು. ಮೊದಲ ಪ್ರದರ್ಶನದ ಟಿಕೆಟು 43.5 ಸೆಕೆಂಡಿನಲ್ಲಿ ಮುಗಿಯಿತು, ಕೊನೆಗೆ ಹತ್ತು ಪ್ರದರ್ಶನ ಮಾಡಿದರು. ಅಲ್ಲಿ ಕ್ಲೀಸ್ ಮತ್ತೆ ಆ ಗಿಳಿಯನ್ನು ಹಿಡಿದುಕೊಂಡು ಬಂದ. ಪ್ರತಿಯೊಂದು ಮಾತೂ ಮೊದಲೇ ಗೊತ್ತಿದ್ದ ಜನ ಅದನ್ನು ಕೇಳಲು ದುಡ್ಡು ಕೊಟ್ಟು ಬಂದಿದ್ದರು. ನಾನು ಅದನ್ನು ಯೂಟ್ಯೂಬಿನಲ್ಲಿ ನೋಡುವಾಗ ಅಮ್ಮ ಇರಲಿಲ್ಲ. ಪಕ್ಕದ ಕುರ್ಚಿಯ ಕಡೆ ಎರಡು ಸಲ ತಿರುಗಿ ನೋಡಿದೆ.

ಭಾನುವಾರ ಹೊಸ ಪ್ರತಿ ಹಿಡಿದುಕೊಂಡು ಮನೆಗೆ ಬಾ, ಆರೂ ಜನ ಬನ್ನಿ. ಡಾಕ್ಟರನ್ನು ತೆಗೆದರೆ ಹೇಗೆ ಮುಗಿಸಲಿ ಎಂದು ಚಿಂತೆ ಬೇಡ. ನಾಲ್ಕನೇ ಪುಟದಲ್ಲಿ ಕಂಡಕ್ಟರ್ ಆ ಮೀನಿನ ಹೆಂಗಸಿಗೆ, "ಚಿಲ್ಲರೆ ಇಲ್ಲ, ಇಳಿಯುವಾಗ ಕೊಡ್ತೇನೆ" ಎಂದಿದ್ದ. ಅವಳು ಮೂಲ್ಕಿಯಲ್ಲಿ ಇಳಿದಳು. ಐದು ರೂಪಾಯಿ ಇನ್ನೂ ಅವನ ಚೀಲದಲ್ಲೇ ಉಂಟು.

ನಿನ್ನ ಮಾಷ್ಟ್ರು