ಕಿಡಿ ಟ್ರಾನ್ಸ್‌ಮಿಟರ್ ಪ್ರಾಜೆಕ್ಟ್: ಧಾರವಾಡ ತಂಡಕ್ಕೆ ಸೂಚನೆ

ಪಾಲಕರೇ, ಮಕ್ಕಳೇ, ನಮಸ್ಕಾರ.

ಕಿಡಿಯಿಂದ ರೇಡಿಯೊ ಅಲೆ ಕಳಿಸುವ ಹಳೇ ಕಾಲದ ಟ್ರಾನ್ಸ್‌ಮಿಟರನ್ನು ಮಕ್ಕಳೇ ಆರಿಸಿಕೊಂಡಿದ್ದು ಬಹಳ ಖುಷಿ. ಆದರೆ ಕಿಡಿಗಾಗಿ ಬೈಕಿನ ಇಗ್ನಿಷನ್ ಕಾಯಿಲ್ ಯಾರೂ ತರಬೇಡಿ. ಅದರ ಶಾಕ್ ಅಪಾಯ. ಕಿಡಿ ಹಾರಿಸುವ ಅಡುಗೆಮನೆ ಲೈಟರ್ ಸಾಕು. 1887ರಲ್ಲಿ ಜರ್ಮನ್ ವಿಜ್ಞಾನಿ ಹರ್ಟ್ಜ್ ರೇಡಿಯೊ ಅಲೆ ಹುಟ್ಟಿಸಿದ್ದೂ ಕಿಡಿಯಿಂದಲೇ ಅಲ್ವಾ?

ಅಲೆ ಹಿಡಿಯುವ ರಿಸೀವರ್ ಮಾತ್ರ ನಾವೇ ಮಾಡೋಣ, ನಿಜವಾದ ಮಜಾ ಅದರಲ್ಲೇ ಇದೆ. ಅಲ್ಯೂಮಿನಿಯಂ ಫಾಯಿಲ್‌ನ ಸಣ್ಣ ಉಂಡೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಡಿಲವಾಗಿ ತುಂಬಿ. ಎರಡು ಬದಿಗೆ ವೈರ್ ತೂರಿಸಿ. ಎರಡು ಪೆನ್ಸಿಲ್ ಸೆಲ್, ಕೆಂಪು ಎಲ್‌ಇಡಿ, 100 ಓಮ್ ರೆಸಿಸ್ಟರ್ ಆ ವೈರ್‌ಗಳಿಗೆ ಸಾಲಾಗಿ ಜೋಡಿಸಿ. ಫಾಯಿಲ್ ಮೇಲಿನ ತೆಳು ಆಕ್ಸೈಡ್ ಪದರ ಕರೆಂಟ್ ತಡೆಯುತ್ತದೆ. ಹತ್ತಿರದಲ್ಲಿ ಕಿಡಿ ಹಾರಿದರೆ ಆ ತಡೆ ಒಡೆದು ಎಲ್‌ಇಡಿ ಹೊತ್ತುತ್ತದೆ. ಡಬ್ಬಿ ತಟ್ಟಿದರೆ ಆರುತ್ತದೆ. ಹತ್ತಲಿಲ್ಲವೆಂದರೆ ಉಂಡೆಗಳನ್ನು ಸ್ವಲ್ಪ ಅಲುಗಾಡಿಸಿ ನೋಡಿ.

ಲೈಟರ್‌ಗೆ ಉದ್ದ ಆಂಟೆನಾ ಬೇಡವೇ ಬೇಡ. ಕಿಡಿಯ ಅಲೆ ಒಂದೇ ಸ್ಟೇಷನ್ನಿಗೆ ನಿಲ್ಲದೆ ಎಲ್ಲ ಕಡೆ ಹರಡಿ ಗದ್ದಲ ಮಾಡುತ್ತದೆ. ಇಂಥ ಟ್ರಾನ್ಸ್‌ಮಿಟರ್‌ಗಳನ್ನು ನಿಷೇಧಿಸಿದ್ದೇ ಅದಕ್ಕೆ.

ಚಾರ್ಟ್‌ನಲ್ಲಿ ಜಗದೀಶ್‌ಚಂದ್ರ ಬೋಸ್ ಇರಲೇಬೇಕು, ರೇಡಿಯೊ ಅಲೆಗಳ ಮೇಲೆ ಆಗಲೇ ಪ್ರಯೋಗ ಮಾಡಿದ ನಮ್ಮ ವಿಜ್ಞಾನಿ ಅವರು. ರೇಡಿಯೊಗೆ ಹೆಸರಾದ ಮಾರ್ಕೋನಿ ಒಬ್ಬರನ್ನೇ ಹಾಕಿದರೆ ಅನ್ಯಾಯ.

ಯಾರ ಮನೆಯಲ್ಲಾದರೂ ಮೀಡಿಯಂ ವೇವ್ ರೇಡಿಯೊ ಇದ್ದರೆ ಶನಿವಾರ ತನ್ನಿ. ಧಾರವಾಡ ಆಕಾಶವಾಣಿ ಬಿಟ್ಟು ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ ಕಿಡಿಯ ಸದ್ದು ಕೇಳಿಸೋಣ.