ಅವಧಿ ಮುಗಿದ ಟೈಮಿಂಗ್ ಬೆಲ್ಟನ್ನೇ ಮತ್ತೆ ಹಾಕಿಕೊಟ್ಟಿದ್ದಕ್ಕೆ ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ,
ಅಧಿಕೃತ ಸರ್ವಿಸ್ ಸೆಂಟರ್, ಬೆಂಗಳೂರು

ವಿಷಯ: ವಾಟರ್ ಪಂಪ್ ಬದಲಿಸುವಾಗ 7 ವರ್ಷದ ಹಳೇ ಬೆಲ್ಟನ್ನೇ ವಾಪಸ್ ಕೂರಿಸಿರುವುದು

ಮಾನ್ಯರೇ,

ನನ್ನ 1.5 ಲೀಟರ್ ಡೀಸೆಲ್ ಕಾರು 2018ರದ್ದು, ಓಡಿರುವುದು 48,000 ಕಿ.ಮೀ. ಕೂಲಂಟ್ ಸೋರುತ್ತಿದೆ ಎಂದು ತಂದುಬಿಟ್ಟಾಗ ನೀವು ವಾಟರ್ ಪಂಪ್ ಬದಲಿಸಿದಿರಿ. ಅದಕ್ಕೆ ನನ್ನ ತಕರಾರಿಲ್ಲ. ಆ ಪಂಪನ್ನು ತಿರುಗಿಸುವುದೂ, ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿಗೆ ಹೊಂದಿಸಿ ನಡೆಸುವುದೂ ಟೈಮಿಂಗ್ ಬೆಲ್ಟೇ, ಅದನ್ನು ಬಿಚ್ಚದೆ ಪಂಪ್ ಬರುವುದಿಲ್ಲ. ಬಿಲ್ಲಿನಲ್ಲಿ ಪಂಪ್, ಗ್ಯಾಸ್ಕೆಟ್, ಕೂಲಂಟ್, ಟೈಮಿಂಗ್ ಬೆಲ್ಟ್ ಬಿಚ್ಚಿ ಜೋಡಿಸಿದ ಲೇಬರ್ ಎಲ್ಲವೂ ಇದೆ. ಬೆಲ್ಟ್ ಮಾತ್ರ ಇಲ್ಲ.

ಜಾಬ್ ಕಾರ್ಡಿನಲ್ಲಿ ನಿಮ್ಮ ಅಡ್ವೈಸರ್ "ಬೆಲ್ಟ್ ಓಕೆ, 1,20,000ಕ್ಕೆ ಬದಲಿಸುವುದು" ಎಂದು ಬರೆದಿದ್ದಾರೆ. ಈ ಕಾರಿನ ಮ್ಯಾನುಯಲ್‌ನಲ್ಲಿರುವುದು 1,20,000 ಕಿ.ಮೀ. ಅಥವಾ 6 ವರ್ಷ, ಯಾವುದು ಮೊದಲೋ ಅದು. ಅವರು ಅರ್ಧ ಸಾಲು ಓದಿ ಬಿಟ್ಟಿದ್ದಾರೆ. ಇನ್ನು ಕಿಲೋಮೀಟರ್ ಲೆಕ್ಕವೇ ಬೇಕೆಂದರೂ ಕೇಳಿ: ಮೀಟರಿನಲ್ಲಿ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ತೋರಿಸುತ್ತದೆ. 48,000 ಕಿ.ಮೀ. ಅಂದರೆ 2,400 ಗಂಟೆ ಎಂಜಿನ್ ತಿರುಗಿದೆ. ಗಂಟೆಗೆ 60ರಂತೆ ಹೈವೇಯಲ್ಲಿ ಓಡುವ ಗಾಡಿ ಅಷ್ಟು ಹೊತ್ತಿನಲ್ಲಿ 1,44,000 ಕಿ.ಮೀ. ಮುಗಿಸಿರುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತರೂ ಬೆಲ್ಟ್ ನಿಲ್ಲುವುದಿಲ್ಲವಲ್ಲ.

"ಓಕೆ" ಎಂದು ನಿರ್ಧರಿಸಿದ್ದು ಹೇಗೆ? ಕಣ್ಣಲ್ಲಿ ನೋಡಿಯೇ ಇರಬೇಕು. ಹಳೇ ಕಾಲದ ಬೆಲ್ಟುಗಳು ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು. ಈಗಿನ ಎಚ್‌ಎನ್‌ಬಿಆರ್ ಎಂಬ ಶಾಖ ತಾಳುವ ಸಿಂಥೆಟಿಕ್ ರಬ್ಬರ್ ಮೇಲ್ನೋಟಕ್ಕೆ ಹೊಸದರಂತೆಯೇ ಇರುತ್ತದೆ. ಒಳಗಿನ ಗ್ಲಾಸ್ ಫೈಬರ್ ಎಳೆಗಳು ದಣಿದದ್ದು ಹೊರಗೆ ಕಾಣುವುದಿಲ್ಲ. ಹಾನಿ ಕಂಡರೆ ಬದಲಿಸಲೇಬೇಕು, ಕಾಣಲಿಲ್ಲವೆಂದು ಬಿಡುವಂತಿಲ್ಲ. ಅಷ್ಟಕ್ಕೂ ಇಲ್ಲಿ ಕಾಣುತ್ತಲೇ ಇದೆ. ಮೇಲಿನ ಕವರಿನ ಕ್ಲಿಪ್ ತೆಗೆದು ಟಾರ್ಚ್ ಹಿಡಿದರೆ ಬೆಲ್ಟಿನ ಎಂಜಿನ್ ಕಡೆಯ ಅಂಚಿನುದ್ದಕ್ಕೂ ಒಣಗಿದ ಕೂಲಂಟಿನ ಗುಲಾಬಿ ಪೊರೆ ಕಟ್ಟಿದೆ, ಎರಡು ಕಡೆ ಅಂಚಿನ ದಾರ ಎದ್ದಿದೆ. ಕೂಲಂಟ್ ಅಥವಾ ಆಯಿಲ್ ತಗುಲಿದ ಬೆಲ್ಟನ್ನು ಒರೆಸಿ ಹಾಕುವ ಪದ್ಧತಿ ಇಲ್ಲ. ಒಮ್ಮೆ ಟೆನ್ಷನ್ ಬಿಟ್ಟು ಇಳಿಸಿದ ಹಳೇ ಬೆಲ್ಟನ್ನು ಮತ್ತೆ ಏರಿಸುವುದೂ ಇಲ್ಲ.

ಇದು ಹರಿದರೆ ಅಥವಾ ಕೆಲವು ಹಲ್ಲು ಜಾರಿದರೆ ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ದಂಡ ತಿರುಗುತ್ತಲೇ ಇರುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ದಂಡ ನಿಲ್ಲುತ್ತದೆ ಅಥವಾ ಅದರ ಹೊಂದಾಣಿಕೆ ತಪ್ಪುತ್ತದೆ, ಪಿಸ್ಟನ್ ಬಂದು ತೆರೆದ ವಾಲ್ವಿಗೆ ಹೊಡೆಯುತ್ತದೆ. ಆಮೇಲೆ ವಾಲ್ವುಗಳಿರುವ ಎಂಜಿನ್ ಹೆಡ್ ಇಳಿಸದೆ ಗತಿಯಿಲ್ಲ. ಈ ಕೆಲಸದಲ್ಲಿ ದೊಡ್ಡ ಖರ್ಚು ಲೇಬರ್. ಅದನ್ನು ನಾನಾಗಲೇ ಕಟ್ಟಿದ್ದೇನೆ. ಬಿಚ್ಚಿದ್ದಾಗಲೇ ಒಂದು ಫೋನ್ ಮಾಡಿದ್ದರೆ ಹೊಸ ಬೆಲ್ಟ್ ಕಿಟ್ ಹಾಕಿ ಎನ್ನುತ್ತಿದ್ದೆ.

ಆದ್ದರಿಂದ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದು ಹಾದುಹೋಗುವ ಐಡ್ಲರ್ ಪುಲ್ಲಿ ಇರುವ ಪೂರ್ತಿ ಕಿಟ್ಟನ್ನು ಮತ್ತೆ ಲೇಬರ್ ಕೇಳದೆ ಹಾಕಿಕೊಡಿ. ಬಿಡಿಭಾಗದ ಹಣ ನಾನು ಕೊಡುತ್ತೇನೆ. ಒಮ್ಮೆ ಮಾತ್ರ ಬಳಸುವ ಕ್ರ್ಯಾಂಕ್ ಪುಲ್ಲಿ ಬೋಲ್ಟೂ ಹೊಸದಿರಲಿ. ಎಂಜಿನ್ ತಣ್ಣಗಿರುವಾಗ, ಕ್ರ್ಯಾಂಕ್ ಮತ್ತು ಕ್ಯಾಮ್‌ಗೆ ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಹಾಕಿಯೇ ಕೆಲಸವಾಗಲಿ, ಪೆಯಿಂಟ್ ಗುರುತು ನಂಬಿಕೊಂಡು ಬೇಡ. ಪಿನ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಕೂರುತ್ತದೆಯೇ, ಟೆನ್ಷನರ್ ಮುಳ್ಳು ಗುರುತಿನಲ್ಲೇ ಇದೆಯೇ ನೋಡಿ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಒದ್ದೆಯಿದ್ದರೆ ಆಗಲೇ ತಿಳಿಸಿ. ಇಳಿಸಿದ ಸಾಮಾನೆಲ್ಲ ನನಗೆ ವಾಪಸ್ ಬೇಕು. ಬದಲಿಸಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಬರೆದ ಸ್ಟಿಕರ್ ಕವರಿನ ಮೇಲಿರಲಿ.

7 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೂ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೂ ಬಿಲ್, ಜಾಬ್ ಕಾರ್ಡ್, ಫೋಟೋ ಸಮೇತ ಹೋಗುತ್ತೇನೆ. ಬೆಲ್ಟ್ ಬದಲಾಗುವವರೆಗೆ ಈ ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಒಯ್ಯಲು ಫ್ಲಾಟ್‌ಬೆಡ್ ಕಳಿಸಿ.

ಇಂತಿ,
ಕಾರಿನ ಮಾಲೀಕ

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡ್ ಪ್ರತಿ, ಮ್ಯಾನುಯಲ್‌ನ ಸರ್ವಿಸ್ ಪುಟ, ಬೆಲ್ಟಿನ ಮೂರು ಫೋಟೋ