ಹೆಸರು ಕೇಳೋದೇ ಮರೆತೆ

ಆ ದಿನ ಗ್ರಂಥಾಲಯದಲ್ಲಿ ನನ್ನ ಪಕ್ಕದ ಕಂಪ್ಯೂಟರ್ ಮುಂದೆ ಕೂತಿದ್ದವರೇ, ಈ ಧನ್ಯವಾದ ನಿಮಗೆ.

ಮುತ್ತಜ್ಜನ ಪತ್ರದಲ್ಲಿದ್ದ ಊರಿನ ಹೆಸರನ್ನು ಗೂಗಲ್ ಮ್ಯಾಪ್‌ನಲ್ಲಿ ಹುಡುಕಿ ಹುಡುಕಿ ಸೋತಿದ್ದೆ. ನೀವು ಇಣುಕಿ ನೋಡಿ, "ಪತ್ರ ಬರೆದ ಕಾಲದ ನಕ್ಷೆಯಲ್ಲಿ ಹುಡುಕಿ" ಎಂದಿರಿ. ಇಷ್ಟೇ ಮಾತು. ನನಗೆ ಹೊಳೆದೇ ಇರಲಿಲ್ಲ!

ಡೇವಿಡ್ ರಮ್ಸಿ ಸಂಗ್ರಹ ಎಂಬ ಜಾಲತಾಣದಲ್ಲಿ ಹಳೆಯ ನಕ್ಷೆಗಳನ್ನು ಸುಮ್ನೆ ಕೂತಲ್ಲೇ ನೋಡಬಹುದು ಅಂತ ತೋರಿಸಿದಿರಿ. ಆಮೇಲೆ ಒಂದು ನಕ್ಷೆಯನ್ನು, ಉಪಗ್ರಹ ಚಿತ್ರಗಳಲ್ಲಿ ಭೂಮಿಯನ್ನು ತೋರಿಸುವ ಗೂಗಲ್ ಅರ್ತ್ ಮೇಲೆ ಹೊದಿಸಿದಿರಿ. ನಾನು ರಸ್ತೆಗೆ ರಸ್ತೆ ಹೊಂದಿಸಲು ಹೊರಟರೆ ನೀವು ತಡೆದಿರಿ. ರಸ್ತೆ ಜಾಗ ಬದಲಿಸುತ್ತೆ, ನದಿಗಳು ಕೂಡುವ ಜಾಗ, ಗುಡ್ಡದ ತುದಿ, ಹಳೇ ರೈಲು ಸೇತುವೆ ಹಿಡಿಯಿರಿ ಎಂದಿರಿ. ಮೂಲೆಗಳನ್ನು ಎಳೆದು ಕೂರಿಸಿ, ನಕ್ಷೆಯನ್ನು ನಿಧಾನಕ್ಕೆ ಪಾರದರ್ಶಕವಾಗಿಸಿದಾಗ ಊರಿನ ಜಾಗದಲ್ಲಿ ಕಂಡಿದ್ದು ನೀಲಿ ನೀರು. ಅಣೆಕಟ್ಟಿನ ಹಿನ್ನೀರು. ಹೆಸರು ಸಿಗದಿದ್ದರಲ್ಲಿ ಆಶ್ಚರ್ಯವೇನು?

ನಾನು ಸುಮ್ಮನಾದೆ. ನೀವೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದಕ್ಕೂ ಥ್ಯಾಂಕ್ಸ್.

ಈಗ ಅದೇ ಗೂಗಲ್ ಅರ್ತ್‌ನಲ್ಲಿ ಮನೆಯವರು ಇದ್ದ ಜಾಗಕ್ಕೆಲ್ಲ ಗುರುತು ಹಾಕಿ, ಪಕ್ಕದಲ್ಲಿ ವರ್ಷ ಬರೆಯುತ್ತಿದ್ದೇನೆ. ಮುತ್ತಜ್ಜ "ಪಕ್ಕದಲ್ಲೇ" ಎಂದು ಬರೆದಿದ್ದ ಸಂತೆ ಎಷ್ಟು ದೂರ ಅಂತ ಅದರಲ್ಲೇ ಇರುವ ಅಳತೆಪಟ್ಟಿಯಲ್ಲಿ ಅಳೆದೆ. 11 ಕಿಲೋಮೀಟರ್! ಆ ಕಾಲದವರ ಪಕ್ಕ ಸ್ವಲ್ಪ ದೂರಾನೇ.

ಅಂದಹಾಗೆ, ನಿಮ್ಮ ಪೆನ್ನು ನನ್ನ ಹತ್ತಿರವೇ ಉಳಿದಿದೆ.